ಬೆಸ ದಿನದ ಚೆಕ್ಕುಬಂದಿ

ಶಿಡ್ಲಘಟ್ಟದ ಕೋರ್ಟಿನೆದುರು ಹೊಂಗೆಮರದ ಕೆಳಗೆ
ಮೂವತ್ತೊಂದು ವರ್ಷದಿಂದ ಕುಟ್ಟುತ್ತಿದ್ದೇನೆ.
ಕ್ರಯಪತ್ರ, ದಾನಪತ್ರ, ಅಣ್ಣತಮ್ಮಂದಿರ ಪಾಲುಪಟ್ಟಿ.
ಊರಿನ ನೆಲವೆಲ್ಲ ಒಮ್ಮೆಯಾದರೂ
ನನ್ನ ಬೆರಳ ತುದಿಯಲ್ಲಿ ಹಾದುಹೋಗಿದೆ,
ಒಂದು ಗುಂಟೆಯೂ ನನ್ನ ಹೆಸರಿಗೆ ನಿಂತಿಲ್ಲ.

ಇವತ್ತು ಬಂದವರು ಮುನಿಚೌಡಪ್ಪ, ಲಲಿತಾಕ್ಷಿ.
ರೀಲಿಂಗ್ ಶೆಡ್ಡಿನವರು.
ಹನ್ನೊಂದು ವರ್ಷ ಒಂದೇ ಬಿಸಿನೀರಿಗೆ ಕೈಯಿಟ್ಟು
ಇಬ್ಬರ ಬೆರಳಿನ ಗೆರೆಯೂ ಸವೆದಿದೆ.
ರೇಷನ್ ಅಂಗಡಿಯ ಮಿಷನ್ನು
ಇಬ್ಬರನ್ನೂ ಗುರುತು ಹಿಡಿಯುವುದಿಲ್ಲವಂತೆ.

ವಕೀಲರು ಹೇಳುತ್ತಾ ಹೋದರು.
ಎ ಷೆಡ್ಯೂಲು: ಮನೆ, ಮೂವತ್ತು ನಲವತ್ತು,
ಪೂರ್ವಕ್ಕೆ ನಗರಸಭೆ ಚರಂಡಿ,
ಪಶ್ಚಿಮಕ್ಕೆ ಅನ್ಸರ್ ಪಾಷಾರವರ ಗೂಡಿನ ಗೋದಾಮು,
ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ಖಾಲಿ ನಿವೇಶನ.
ಇದು ಅವಳಿಗೆ.
ಬಿ ಷೆಡ್ಯೂಲು: ಶೆಡ್ಡು, ಹತ್ತು ಬೇಸಿನ್ನು, ಬಾಯ್ಲರು,
ಬ್ಯಾಂಕಿನ ಬಾಕಿ ಸಮೇತ ಅವನಿಗೆ.
ಒಡವೆ ನೂರಾ ಹದಿನಾಲ್ಕು ಗ್ರಾಂ,
ಅದರಲ್ಲಿ ಗಿರವಿಯಲ್ಲಿರುವುದು ತೊಂಬತ್ತು.
— ಬಿಡಿಸ್ಕೊಡೋರು ಯಾರು? ಅಂದಳು.
— ಇಟ್ಟೋರು, ಅಂದ.
— ಇಟ್ಟಿದ್ದು ಬಾಯ್ಲರಿಗೆ, ಅಂದಳು.
ಅರ್ಧರ್ಧ ಎಂದರು ವಕೀಲರು.
ಅರ್ಧರ್ಧ ಎಂದು ಕುಟ್ಟಿದೆ.

ಆಮೇಲೆ ಹನ್ನೆರಡನೇ ಕಲಮು.
ಮಗು ಯಶಿಕಾ, ವಯಸ್ಸು ಏಳು,
ತಾಯಿಯ ಸುಪರ್ದಿಯಲ್ಲಿ.
ಮೊನ್ನೆ ಮಂಗಳವಾರ ಜಪ್ತಾದ ಬೈಕೊಂದಕ್ಕೂ
ಇದೇ ಪದ ಹಾಕಿದ್ದೆ.
ತಂದೆಗೆ ಎರಡನೇ, ನಾಲ್ಕನೇ ಶನಿವಾರ, ಹತ್ತರಿಂದ ಐದು.
ದಸರಾ ರಜೆಯ ಮೊದಲರ್ಧ ತಂದೆಗೆ, ಮಿಕ್ಕರ್ಧ ತಾಯಿಗೆ.
— ರಜ ಹದಿನೇಳು ದಿನ ಬಂದ್ರೆ?
ನೂಲು ತೂಗಿ ರೂಢಿಯಿದ್ದವನು ಕೇಳಿದ,
— ಮಿಕ್ಕಿದ ಒಂದು ದಿನ ಯಾರ್ದು?

ಮನೆ ಹೋಯಿತು, ಮಿಷನ್ನು ಹೋಯಿತು,
ಕೂತೇ ಇದ್ದರು.
ಆ ಒಂದು ದಿನಕ್ಕೆ ಇಬ್ಬರೂ ಎದ್ದರು.
— ಜ್ವರ ಬಂದಾಗ ಎಲ್ಲಿದ್ದೆ?
— ಗೂಡಿನ ಹರಾಜಲ್ಲಿ! ಯಾರಿಗೋಸ್ಕರ?
ಪಕ್ಕದ ಸ್ಟಾಂಪ್ ವೆಂಡರು ತನ್ನ ಛತ್ರಿ
ಆಚೆ ಸರಿಸಿಕೊಂಡ.
ನೆಲಕ್ಕಾದರೆ ಚೆಕ್ಕುಬಂದಿ ಕೇಳುತ್ತಿದ್ದೆ.
ದಿನಕ್ಕೂ ಪೂರ್ವ ಇದೆ, ಪಶ್ಚಿಮ ಇದೆ.
ಉತ್ತರಕ್ಕೆ ಯಾರು, ದಕ್ಷಿಣಕ್ಕೆ ಯಾರು?

ಅಷ್ಟು ಹೊತ್ತೂ ಆ ಹುಡುಗಿ
ನನ್ನ ಹಳೇ ಕಾಗದದ ಕಟ್ಟಿನ ಮೇಲೆ ಕೂತು
ನಾಲಿಗೆಯಿಂದ ಏನನ್ನೋ ನೂಕುತ್ತಿದ್ದಳು.
ಈಗ ಅಂಗೈ ಚಾಚಿದಳು. ರಕ್ತ, ಎಂಜಲು,
ಅಕ್ಕಿಕಾಳಿನಷ್ಟು ಬಿಳುಪು.
— ತಾತ, ಸಗಣೀಲಿಟ್ಟು ಮಾಳಿಗೆ ಮೇಲೆ ಎಸೀಬೇಕಂತೆ.
ಯಾವ ಮಾಳಿಗೆ?

ಕೇಳಿಸಿತು ಇಬ್ಬರಿಗೂ.
ಅವಳು ಬಾಟಲಿ ತೆರೆದಳು, ಅವನು ಗದ್ದ ಹಿಡಿದ.
ಅವಳು ಹೊಯ್ದಳು, ಅವನು ಒರೆಸಿದ.
ಬೇಸಿನ್ನಿನಲ್ಲಿ ಕಡಿದ ಎಳೆಗೆ
ಹೊಸ ಗೂಡಿನ ತುದಿ ತಗುಲಿಸುವವರ ಹಾಗೆ
ಒಬ್ಬರ ಮುಖ ಒಬ್ಬರು ನೋಡದೆ,
ಒಂದು ಮಾತೂ ಆಡದೆ, ಒಂದು ಹನಿಯೂ
ಫ್ರಾಕಿನ ಮೇಲೆ ಬೀಳದ ಹಾಗೆ.
ಆಮೇಲೆ ಅವರವರ ಕುರ್ಚಿಗೆ ಹೋದರು.

ಬೆಸ ದಿನ ಬಂದಲ್ಲಿ
ಒಂದು ವರ್ಷ ತಂದೆಗೆ, ಒಂದು ವರ್ಷ ತಾಯಿಗೆ.
ಕುಟ್ಟಿದೆ. ಎರಡು ಪ್ರತಿ. ನೂರಾ ಎಂಬತ್ತು ರೂಪಾಯಿ.
ಅದನ್ನೂ ತೊಂಬತ್ತು ತೊಂಬತ್ತು ಕೊಟ್ಟರು.

ಹೊರಡುವಾಗ ಹುಡುಗಿ ಹಿಂದಕ್ಕೆ ಓಡಿಬಂದು
ನನ್ನ ಗುಂಡುಸೂಜಿ ಡಬ್ಬಿಯೊಳಗೆ ಹಲ್ಲು ಹಾಕಿದಳು.
— ಎರಡೂ ಬೇಡ. ನಿಮ್ಮ ಮಾಳಿಗೆ ಮೇಲೆ ಎಸೀರಿ.

ನನ್ನದು ಬಾಡಿಗೆ ಮನೆ ಮಗೂ,
ಮಾಳಿಗೆ ಓನರಿನದು, ಎನ್ನುವಷ್ಟರಲ್ಲಿ
ಬಸ್ ಸ್ಟ್ಯಾಂಡಿನ ಕಡೆಗೆ ಒಬ್ಬರು,
ಆಟೋದ ಕಡೆಗೆ ಇಬ್ಬರು.

ಈಗ ಸಂಜೆ ಆರೂವರೆ.
ಡಬ್ಬಿ ಕೈಯಲ್ಲಿ ಹಿಡಿದು, ತರಕಾರಿ ಗಾಡಿಗಳ ನಡುವೆ,
ಯಾರದೋ ಕಂದು ಹಸುವಿನ ಹಿಂದೆ
ಕಾಯುತ್ತಾ ನಿಂತಿದ್ದೇನೆ.